ಚಟ್ಟಿಗೆ ಸೋಪು ಹಾಕಿದ ದಿನ

ಒಂಬತ್ತನೆಯ ವಯಸ್ಸಿಗೇ ನನಗೊಂದು ಉದ್ಯೋಗ ಸಿಕ್ಕಿತ್ತು. ಅಡುಗೆಮನೆಗೂ ನಡುಕೋಣೆಗೂ ಮಧ್ಯೆ ಇದ್ದ ಬಾಗಿಲಿನ ಹಸಿರು ಪರದೆಯ ಪಕ್ಕ ನಿಲ್ಲುವುದು, ಒಳಗಿನ ಮಾತನ್ನು ಹೊರಗೆ, ಹೊರಗಿನ ಮಾತನ್ನು ಒಳಗೆ ದಾಟಿಸುವುದು. ಒಳಗೆ ಒಲೆಯ ಹತ್ತಿರ ನನ್ನ ಉಮ್ಮನ, ಅಂದರೆ ಅಮ್ಮನ, ತಾಯಿ, ನಾವು ಉಮ್ಮಾಮ ಎನ್ನುತ್ತಿದ್ದವರು. ಹೊರಗೆ ಊಟದ ಮೇಜಿನ ಮುಂದೆ ನನ್ನ ಅಪ್ಪ, ನನಗೆ ಉಪ್ಪ. ಇಬ್ಬರ ನಡುವೆ ಹೆಚ್ಚೆಂದರೆ ನಾಲ್ಕು ಹೆಜ್ಜೆ. ಇಬ್ಬರ ಕಿವಿಯೂ ಚೆನ್ನಾಗಿಯೇ ಇತ್ತು. ಆದರೂ ಅತ್ತೆ ಅಳಿಯನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ, ಅದು ಮರ್ಯಾದೆಯ ಪ್ರಶ್ನೆ. ಹಾಗಾಗಿ ದಿನಕ್ಕೆ ಮೂರು ಹೊತ್ತು ಈ ನಾಟಕ ನಡೆಯುತ್ತಿತ್ತು:

"ಸಫ್ಫು, ಕೇಳು, ಇನ್ನೊಂದು ರೊಟ್ಟಿ ಹಾಕ್ಬೇಕಾ ಅಂತ."

"ಉಪ್ಪಾ, ಇನ್ನೊಂದು ರೊಟ್ಟಿ ಹಾಕ್ಬೇಕಾ?"

"ಬೇಡ, ಹೊಟ್ಟೆ ತುಂಬಿತು ಅಂತ ಹೇಳು."

"ಉಮ್ಮಾಮ, ಹೊಟ್ಟೆ ತುಂಬಿತಂತೆ."

"ಎರಡು ರೊಟ್ಟಿಗೆ ಹೇಗೆ ತುಂಬ್ತದೆ? ಕೇಳ್ಬೇಡ, ತಗೊಂಡು ಹೋಗಿ ಹಾಕು."

ನಮ್ಮ ಮನೆ ಉಪ್ಪಳದ ಹತ್ತಿರ, ರೈಲುಹಳಿಗೂ ಸಮುದ್ರಕ್ಕೂ ನಡುವೆ ಇತ್ತು. ನಮ್ಮ ಕಡೆಯ ಕೆಲವು ಬ್ಯಾರಿ ಮನೆಗಳಲ್ಲಿ ಮದುವೆಯಾದ ಮಗಳು ತಾಯಿಯ ಮನೆಯಲ್ಲೇ ಉಳಿಯುತ್ತಾಳೆ, ಗಂಡ ಅಲ್ಲಿಗೆ ಬರುತ್ತಾನೆ. ಹಾಗೆ ಬಂದವನು ಪುದಿಯಾಪ್ಲೆ, ಅಂದರೆ ಹೊಸ ಮದುಮಗ. ಮದುವೆಯಾಗಿ ಎಷ್ಟು ವರ್ಷವಾಗಲಿ, ತಲೆ ನರೆಯಲಿ, ಅವನು ಹೊಸಬನೇ. ಅವನಿಗೆಂದೇ ಬಣ್ಣ ಬಳಿದ ಒಂದು ಕೋಣೆ, ಅವನಿಗೆಂದೇ ಒಂದು ಕುರ್ಚಿ, ಅವನಿಗೆಂದೇ ಚಿನ್ನದ ಅಂಚಿನ ಪಿಂಗಾಣಿ ತಟ್ಟೆ. ಆ ತಟ್ಟೆಗಳನ್ನು ಉಪ್ಪನೇ ತನ್ನ ಮೊದಲ ರಜೆಯಲ್ಲಿ ಗಲ್ಫಿನಿಂದ ಬಟ್ಟೆಯಲ್ಲಿ ಸುತ್ತಿ ತಂದಿದ್ದರಂತೆ. ಪಾಪ, ಮುಂದೆ ತಾನೇ ಅದರಲ್ಲಿ ಸಿಕ್ಕಿಬೀಳುತ್ತೇನೆಂದು ಗೊತ್ತಿರಲಿಲ್ಲ. ನಾವೆಲ್ಲ ಅಡುಗೆಮನೆಯಲ್ಲಿ ನೆಲದ ಮೇಲೆ ಕುಳಿತು, ಅಂಚು ಕಿತ್ತುಹೋದ ತಟ್ಟೆಗಳಲ್ಲಿ ಗಂಜಿಗೆ ನಿನ್ನೆಯ ಮೀನು ಸಾರು ಕಲಸಿಕೊಂಡು ಗಲಾಟೆ ಮಾಡುತ್ತ ತಿನ್ನುವಾಗ, ಪರದೆಯ ಆಚೆ ಉಪ್ಪ ಒಬ್ಬರೇ ಕುಳಿತು ಕೋಳಿ ತಿನ್ನುತ್ತಿದ್ದರು. ನನಗೆ ಆಗ ಅವರ ಮೇಲೆ ಹೊಟ್ಟೆಕಿಚ್ಚು. ಕೋಳಿಯ ಕಾಲು ಯಾವಾಗಲೂ ಅವರಿಗೇ.

ಉಪ್ಪ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಎರಡು ತಿಂಗಳ ರಜೆಗೆ ಬರುತ್ತಿದ್ದ ಕಾಲದಲ್ಲಿ ಇದು ಯಾರಿಗೂ ಕಷ್ಟವಾಗಿರಲಿಲ್ಲ. ಎರಡು ತಿಂಗಳು ಯಾರು ಬೇಕಾದರೂ ರಾಜನಾಗಿರಬಹುದು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವರು ಕೆಲಸ ಮುಗಿಸಿ, ಇನ್ನು ಹೋಗುವುದಿಲ್ಲ ಎಂದು ಊರಿಗೆ ಬಂದರು. ನಾನು ಶಾಲೆಯಲ್ಲೆಲ್ಲ ಡಂಗುರ ಸಾರಿದೆ. ಅಲ್ಲಿಯವರೆಗೆ ನನಗೆ ಉಪ್ಪ ಎಂದರೆ ಫೋನಿನಲ್ಲಿ ಕೇಳುವ ಒಂದು ಧ್ವನಿ, ಪೆಟ್ಟಿಗೆ ತೆರೆದಾಗ ಬರುವ ಒಂದು ಸೆಂಟಿನ ವಾಸನೆ. ಇನ್ನು ದಿನಾ ಇರುತ್ತಾರೆ, ರೇಷನ್ ಕಾರ್ಡಿನಲ್ಲಿದ್ದ ಅವರ ಹೆಸರಿಗೆ ಮುಖವೂ ಕೈಕಾಲೂ ಬಂತು ಎಂದು ನನಗೆ ಖುಷಿಯೋ ಖುಷಿ.

ಮೂರನೆಯ ತಿಂಗಳಿಗೆ ಅವರಿಗೆ ಉಸಿರಾಟದ ತೊಂದರೆ ಶುರುವಾಯಿತು. ಕುರ್ಚಿಯಲ್ಲಿ ಕುಳಿತಲ್ಲೇ ಎದೆ ಹಿಡಿದಂತಾಗುವುದು, ಅಂಗೈ ಬೆವರುವುದು, ಬೆರಳುಗಳು ಜುಮುಜುಮು ಎನ್ನುವುದು. ಮಂಗಳೂರಿಗೆ ಕರೆದುಕೊಂಡು ಹೋದರು. ನನ್ನನ್ನೂ ಕರೆದೊಯ್ದರು, ಬಸ್ಸಿನಲ್ಲಿ ವಾಂತಿ ಮಾಡುವ ಉಮ್ಮನಿಗೆ ಪ್ಲಾಸ್ಟಿಕ್ ತೊಟ್ಟೆ ಹಿಡಿಯಲಿಕ್ಕೆ. ಎದೆಗೆ ವಯರು ಅಂಟಿಸಿ ನೋಡಿದರು, ರಕ್ತ ನೋಡಿದರು, ಫೋಟೋ ತೆಗೆದರು. ಡಾಕ್ಟರು ಕಾಗದಗಳನ್ನೆಲ್ಲ ತಿರುಗಿಸಿ ಹೇಳಿದರು:

"ನಿಮಗೆ ಎಂತ ಇಲ್ಲ. ಎಲ್ಲ ನಾರ್ಮಲ್. ಟೆನ್ಷನ್ ಮಾಡ್ಬೇಡಿ, ಸ್ವಲ್ಪ ರೆಸ್ಟ್ ತಗೊಳ್ಳಿ."

"ಮೂರು ತಿಂಗಳಿಂದ ರೆಸ್ಟೇ ಅಲ್ವಾ ಡಾಕ್ಟ್ರೇ ಮಾಡೋದು," ಎಂದರು ಉಪ್ಪ.

ಡಾಕ್ಟರು ನಕ್ಕರು. ಉಮ್ಮ ಮಾತ್ರ ರೆಸ್ಟ್ ಎಂಬ ಶಬ್ದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದು ಉಮ್ಮಾಮನಿಗೆ ಒಪ್ಪಿಸಿದರು. ಅಲ್ಲಿಂದ ಉಪ್ಪನ ಗತಿ ಇನ್ನೂ ಕೆಟ್ಟಿತು. ಆಡಿನ ಕಾಲಿನ ಸೂಪು ಶುರುವಾಯಿತು. ಮದುವೆಯ ಮೊದಲ ವಾರದಲ್ಲಿ ಮಾಡುವ ಮುಟ್ಟೆಮಾಲೆಯನ್ನು, ಅದೇ ಮೊಟ್ಟೆಯ ಹಳದಿಯನ್ನು ಸಕ್ಕರೆ ಪಾಕದಲ್ಲಿ ನೂಲಿನ ಹಾಗೆ ಇಳಿಸಿ ಮಾಡುವ ಸಿಹಿಯನ್ನು, ಉಮ್ಮಾಮ ಸೊಂಟ ನೋವಿನಲ್ಲೂ ವಾರಕ್ಕೊಮ್ಮೆ ಮಾಡತೊಡಗಿದರು. ಉಪ್ಪ ನೀರಿಗೆಂದು ಎದ್ದರೆ ಮೂವರೂ ಮೂರು ಲೋಟ ಹಿಡಿದು ಓಡಿ ಬರುತ್ತಿದ್ದೆವು.

ಉಪ್ಪ ಗಲ್ಫಿನಲ್ಲಿ ಅಡುಗೆಯವರಾಗಿದ್ದರು. ಊರಿನಲ್ಲಿ ಯಾರಾದರೂ ಕೇಳಿದರೆ ನಮ್ಮ ಮನೆಯವರು "ಕಂಪೆನಿಯಲ್ಲಿ" ಎನ್ನುತ್ತಿದ್ದರು, ಅದು ಸುಳ್ಳೇನಲ್ಲ. ಕಂಪೆನಿಯ ಕೆಲಸಗಾರರ ಕ್ಯಾಂಟೀನಿನಲ್ಲಿ ಮುನ್ನೂರು ಜನಕ್ಕೆ ಮೂರು ಹೊತ್ತು ಬೇಯಿಸುವ ಕೆಲಸ. ಸೌಟು ದೋಣಿಯ ಹುಟ್ಟಿನಷ್ಟು ಉದ್ದ ಎಂದು ನನಗೆ ಕೈ ಅಗಲಿಸಿ ತೋರಿಸುತ್ತಿದ್ದರು. ಅಂಥ ಮನುಷ್ಯ ಈಗ ತನ್ನ ಕೋಣೆಯ ಕುರ್ಚಿಯಲ್ಲಿ ಕುಳಿತು, ಮೂಗು ಒಂದಿಷ್ಟು ಮೇಲೆತ್ತಿ, ನಮ್ಮ ಅಡುಗೆಮನೆಯನ್ನು ಕೇಳಿಸಿಕೊಳ್ಳುತ್ತಿದ್ದರು. "ಎಣ್ಣೆ ಕಾಯ್ಲಿಲ್ಲ, ಈಗಲೇ ಹಾಕಿದ್ರು," ಎಂದು ನನಗೆ ಮಾತ್ರ ಕೇಳುವಂತೆ ಹೇಳುವರು. ಒಮ್ಮೆ "ನೀರುಳ್ಳಿ ಕರಟ್ತಾ ಉಂಟು" ಎಂದರು. ನಾನು ಉದ್ಯೋಗದಲ್ಲಿ ಪ್ರಾಮಾಣಿಕಳು, ಓಡಿಹೋಗಿ ಪರದೆಯ ಒಳಗೆ ದಾಟಿಸಿಬಿಟ್ಟೆ. ಉಮ್ಮಾಮನ ಮುಖ ಸಣ್ಣದಾಯಿತು. ಪುದಿಯಾಪ್ಲೆಗೆ ನಮ್ಮ ಮನೆಯ ಊಟ ಹಿಡಿಸಲಿಲ್ಲ ಎಂದು ಅವರಿಗೆ ಅರ್ಥವಾದದ್ದು. ಅದಕ್ಕೆ ಪ್ರಾಯಶ್ಚಿತ್ತವಾಗಿ ಒಂದು ವಾರ ಮೂರು ಹೊತ್ತೂ ಕೋಳಿ. ಉಪ್ಪ ಆ ವಾರವೆಲ್ಲ ನನ್ನನ್ನು ನೋಡಿದಾಗ ತುಟಿಯ ಮೇಲೆ ಬೆರಳಿಡುತ್ತಿದ್ದರು.

ಇದೇ ಮನೆಯಲ್ಲಿ ಇನ್ನೊಬ್ಬ ಗಂಡಸು ಹೇಗಿದ್ದ ಎಂದರೆ ಹಮೀದ್ ಮಾಮನ ಬಗ್ಗೆ ಹೇಳಬೇಕು. ಮಾಮ ನನ್ನ ಉಮ್ಮನ ಅಣ್ಣ. ಅವನು ಕುಂಬಳೆಯಲ್ಲಿ ಹೆಂಡತಿಯ ಮನೆಯಲ್ಲಿದ್ದ, ಅಲ್ಲಿಯ ಪುದಿಯಾಪ್ಲೆ. ಅಲ್ಲಿ ಅವನಿಗೂ ಚಿನ್ನದ ಅಂಚಿನ ತಟ್ಟೆ ಇತ್ತಂತೆ. ಆದರೆ ದಿನಾ ಸಂಜೆ ಅಂಗಡಿ ಮುಚ್ಚಿ ಬೈಕಿನಲ್ಲಿ ನೇರವಾಗಿ ನಮ್ಮ ಮನೆಗೆ ಬರುತ್ತಿದ್ದ. ಅಂಗಿ ಕಳಚಿ ಮೊಳೆಗೆ ಸಿಕ್ಕಿಸಿ, ಪರದೆ ಸರಿಸಿ ಒಳಗೆ ನುಗ್ಗಿ, ನಿಂತಲ್ಲೇ ಮೀನು ಸಾರಿನ ಮಣ್ಣಿನ ಚಟ್ಟಿಯ ತಳಕ್ಕೆ ಬೆರಳು ಹಾಕುತ್ತಿದ್ದ. ಆಗ ಸಿಗುತ್ತಿತ್ತು ನೋಡಿ ಅವನಿಗೆ.

"ಕೈ ತೊಳೆದಿದ್ದೀಯಾ ಕತ್ತೆ? ಆ ಹೊಟ್ಟೆ ನೋಡು, ಪಡಚೋನೇ, ದೇವರೇ! ನಿನ್ನ ಹೆಂಡ್ತಿ ಮನೆಯಲ್ಲಿ ಊಟ ಕೊಡುದಿಲ್ವಾ?"

"ಕೊಡ್ತಾರೆ ಉಮ್ಮಾ. ಬೈಗುಳ ಕೊಡುದಿಲ್ಲ. ಅದು ಇಲ್ಲದೆ ಹೊಟ್ಟೆಗೆ ಹಿಡಿಯುದಿಲ್ಲ."

ಎಲ್ಲರೂ ನಗುತ್ತಿದ್ದೆವು. ಪರದೆಯ ಆಚೆ ಉಪ್ಪನೂ ನಗುತ್ತಿದ್ದರು, ಒಬ್ಬರೇ. ಉಪ್ಪನ ಊರು ದೇಲಂಪಾಡಿ, ಕಾಡಿನ ಅಂಚಿನ ಕೃಷಿ ಮನೆ. ಅವರ ಉಮ್ಮ ತೀರಿಕೊಂಡದ್ದು ಅವರು ಗಲ್ಫಿನಲ್ಲಿದ್ದಾಗ. ಆಮೇಲೆ ಅಣ್ಣಂದಿರು ಬೇರೆ ಬೇರೆ ಕಡೆಗೆ ಹೋಗಿ ಆ ಮನೆಗೆ ಬೀಗ ಬಿತ್ತು. ಗೌರವ ಕೊಡುವ ಮನೆ ಅವರಿಗೆ ಇತ್ತು. ಅಂಗಿ ಕಳಚಿ ನುಗ್ಗಿ, ಕತ್ತೆ ಎನಿಸಿಕೊಳ್ಳುವ ಮನೆ ಇರಲಿಲ್ಲ. ಇದು ನನಗೆ ಈಗ ಎಷ್ಟು ಸರಳವಾಗಿ ಕಾಣುತ್ತದೆ! ಆಗ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಉಪ್ಪನ ಹಳೆಯ ಗೆಳೆಯನ ಫೋನು ಬಂತು. ಕಂಪೆನಿಯವರು ಮತ್ತೆ ಕರೆಯುತ್ತಿದ್ದಾರೆ, ವೀಸಾ ಕಳಿಸುತ್ತಾರಂತೆ. ನಾನು ಪಕ್ಕದ ಕೋಣೆಯಲ್ಲಿ ಕನ್ನಡ ಪಾಠದ ಪ್ರಶ್ನೋತ್ತರ ಬರೆಯುತ್ತಿದ್ದೆ. ಉಪ್ಪ ಉಮ್ಮನಿಗೆ ಹೇಳಿದ್ದು ಕೇಳಿಸಿತು.

"ಹೋಗ್ತೇನೆ ನೆಬೀಸಾ. ಅಲ್ಲಿ ನನಗೆ ಉಸಿರು ಬರ್ತದೆ."

ಉಮ್ಮ ಮೂಗು ಒರೆಸಿಕೊಂಡ ಸದ್ದು ಬಂತು. ನನಗೆ ಬಂದದ್ದು ಸಿಟ್ಟು. ಅಲ್ಲಿ ಉಸಿರು ಬರುತ್ತದೆ ಎಂದರೆ ಇಲ್ಲಿ ನಾವು ಅವರ ಮೂಗು ಮುಚ್ಚಿ ಹಿಡಿದಿದ್ದೇವಾ? ನಾನು ಇರುವ ಮನೆಯಲ್ಲಿ ಇವರಿಗೆ ಉಸಿರು ಬರುವುದಿಲ್ಲವಾ? ಆ ಸಂಜೆ ಅವರು ಕರೆದಾಗ ಹೋಗಲಿಲ್ಲ. ನೀರು ಕೇಳಿದಾಗ ಲೋಟವನ್ನು ಕುಕ್ಕಿ ಇಟ್ಟೆ. ನನ್ನ ಉಪ್ಪ ಹೋಗಬಾರದು, ಅಷ್ಟೇ ನನಗೆ ಬೇಕಾಗಿದ್ದದ್ದು. ಹೇಗೆ ತಡೆಯುವುದೆಂದು ಗೊತ್ತಿರಲಿಲ್ಲ. ಕೋಳಿಯ ಕಾಲನ್ನು ಜೀವಮಾನವಿಡೀ ಬಿಟ್ಟುಕೊಡುತ್ತೇನೆ ಎಂದು ಅಲ್ಲಾಹನಲ್ಲಿ ಹರಕೆ ಹೊತ್ತೆ.

ಅದಾದ ಎರಡನೆಯ ವಾರ, ಒಂದು ಶನಿವಾರ, ಉಮ್ಮಾಮನೂ ಉಮ್ಮನೂ ಮಂಜೇಶ್ವರದಲ್ಲಿ ನೆಂಟರ ಮನೆಯ ಹೊಸ ಮಗುವನ್ನು ನೋಡಲು ಹೋದರು. ನನಗೆ ಪರೀಕ್ಷೆ, ಹಾಗಾಗಿ ನಾನೂ ಉಪ್ಪನೂ ಮನೆಯಲ್ಲಿ. ಉಪ್ಪನಿಗೆ ಊಟ ಮೇಜಿನ ಮೇಲೆ ಮುಚ್ಚಿಟ್ಟಿದ್ದರು, ಏಳು ಬಟ್ಟಲು. ಹನ್ನೊಂದು ಗಂಟೆಗೆ ಮೀನಿನವನ ಸ್ಕೂಟರು ಗೇಟಿನ ಮುಂದೆ ಪೋಂ ಪೋಂ ಎಂದಿತು. ಮಾಮೂಲಿಗೆ ಬಟ್ಟಲು ಹಿಡಿದು ಓಡುವವಳು ನಾನು. ಅಂದು ನಾನು ಸಿಟ್ಟಿನಲ್ಲಿದ್ದೆನಲ್ಲ, ಪುಸ್ತಕದಿಂದ ತಲೆ ಎತ್ತದೆ ಹೇಳಿದೆ:

"ನಂಗೆ ಪರೀಕ್ಷೆ ಉಂಟು. ಬೇಕಾದ್ರೆ ನೀವೇ ಹೋಗಿ."

ಪುದಿಯಾಪ್ಲೆಗೆ ಹಾಗೆ ಹೇಳಿದವರಲ್ಲಿ ಆ ಮನೆಯಲ್ಲಿ ನಾನೇ ಮೊದಲು. ಉಪ್ಪ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಬಟ್ಟಲು ಹುಡುಕಿಕೊಂಡು ಹೋದರು. ಕಿಟಕಿಯಿಂದ ನೋಡಿದೆ. ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದರು, ಹೊಟ್ಟೆ ಒತ್ತಿ ನೋಡುತ್ತಿದ್ದರು, ಮೀನಿನವನ ಜೊತೆ ಜಗಳ ಮಾಡುತ್ತಿದ್ದರು. "ನಿನ್ನೆಯದ್ದು ಮಾರಾಯ ಇದು, ನಂಗೆ ಹೇಳ್ಕೊಡ್ತೀಯಾ?" ಎಂಬ ಅವರ ಧ್ವನಿ ಅಂಗಳದಾಚೆಯಿಂದ ಕೇಳಿತು. ಅಷ್ಟು ದೊಡ್ಡ ಧ್ವನಿ ಅವರಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ಬಟ್ಟಲು ಹಿಡಿದು ಬಂದವರು ಪರದೆಯ ಮುಂದೆ ನಿಂತರು. ನಂತರ ಅದನ್ನು ಎತ್ತಿ ಹಗ್ಗದ ಮೇಲೆ ಹಾಕಿ ಒಳಗೆ ಹೋದರು. ಮುಂದಿನ ಎರಡು ಗಂಟೆ ನಾನು ಪರೀಕ್ಷೆಯನ್ನು ಮರೆತು ಹೊಸ್ತಿಲ ಮೇಲೆ ಕುಳಿತಿದ್ದೆ. ಉಪ್ಪ ಮೀನು ಹೆಚ್ಚಿದರು, ತೆಂಗಿನಕಾಯಿ ತುರಿದರು, ಕಡೆಯುವ ಕಲ್ಲಿನಲ್ಲಿ ಮೆಣಸು ಅರೆದರು, ನನಗೆ ಹುಣಸೆ ಹಿಂಡಲು ಹೇಳಿದರು, ಸರಿಯಾಗಿ ಹಿಂಡಲಿಲ್ಲವೆಂದು ತಲೆಗೆ ಮೊಟಕಿದರು. ಉಮ್ಮಾಮನ ಮಣ್ಣಿನ ಚಟ್ಟಿಯಲ್ಲೇ ಸಾರು ಕುದಿಯಿತು. ನೆಲದ ಮೇಲೆ ಕುಳಿತು ನಾವಿಬ್ಬರೂ ಬೆವರು ಸುರಿಸುತ್ತ ತಿಂದೆವು, ಮೇಜಿನ ಮೇಲಿನ ಏಳು ಬಟ್ಟಲು ಹಾಗೆಯೇ ತಣ್ಣಗಾದವು. ಇಡೀ ಹೊತ್ತಿನಲ್ಲಿ ಅವರು ಒಮ್ಮೆಯೂ ಎದೆ ಹಿಡಿದುಕೊಳ್ಳಲಿಲ್ಲ. ನಾನು ನೋಡುತ್ತಲೇ ಇದ್ದೆ.

ಆಮೇಲೆ ಅವರು ಮಾಡಿದ್ದು ಕ್ಯಾಂಟೀನಿನ ಅಡುಗೆಯವರು ಮಾತ್ರ ಮಾಡುವ ತಪ್ಪು. ಅಡುಗೆ ಮುಗಿದ ಮೇಲೆ ಎಲ್ಲವೂ ಥಳಥಳ ಎನ್ನಬೇಕು ಎಂಬುದು ಅವರ ಇಪ್ಪತ್ತು ವರ್ಷದ ಅಭ್ಯಾಸ. ಕಲ್ಲು ತೊಳೆದರು, ನೆಲ ಒರೆಸಿದರು, ಕೊನೆಗೆ ಚಟ್ಟಿಯನ್ನು ಬಾವಿಕಟ್ಟೆಗೆ ಒಯ್ದು ಸ್ಟೀಲಿನ ನಾರು, ಸೋಪಿನ ಪುಡಿ ಹಾಕಿ ಹತ್ತು ನಿಮಿಷ ಉಜ್ಜಿದರು. ಮೀನು ಬೇಯಿಸುವ ಚಟ್ಟಿಗೆ ನಮ್ಮಲ್ಲಿ ಬೂದಿ, ತೆಂಗಿನ ನಾರು ಬಿಟ್ಟು ಬೇರೆ ಏನೂ ಮುಟ್ಟಿಸುವುದಿಲ್ಲ. ಮಣ್ಣು ಸೋಪನ್ನು ಕುಡಿಯುತ್ತದೆ, ಆಮೇಲೆ ಸಾರಿನಲ್ಲಿ ನೊರೆಯ ರುಚಿ. ಉಮ್ಮಾಮನ ಆ ಚಟ್ಟಿ ವಯಸ್ಸಿನಲ್ಲಿ ನನಗಿಂತ ದೊಡ್ಡದು, ವರ್ಷಗಟ್ಟಲೆ ಮೀನಿನ ಎಣ್ಣೆ ಕುಡಿದು ಕಪ್ಪಾಗಿ ಹೊಳೆಯುತ್ತಿದ್ದದ್ದು. ಉಪ್ಪ ಅದನ್ನು ಉಜ್ಜಿ ಉಜ್ಜಿ ಕುಂಬಾರನ ಅಂಗಡಿಯಿಂದ ನಿನ್ನೆ ತಂದ ಹಾಗೆ ಕೆಂಪಗೆ ಮಾಡಿ, ಬಿಸಿಲಿಗೆ ಕವುಚಿ ಹಾಕಿ, ಹೆಮ್ಮೆಯಿಂದ ಸ್ನಾನಕ್ಕೆ ಹೋದರು.

ಸಂಜೆ ಉಮ್ಮಾಮ, ಉಮ್ಮ ಬಂದರು. ಹಿಂದೆಯೇ ಮಾಮನ ಬೈಕು ಬಂತು. ಪರದೆ ಮತ್ತೆ ತನ್ನ ಜಾಗದಲ್ಲಿ ಇಳಿದಿತ್ತು, ಉಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕುಳಿತಿದ್ದರು. ಉಮ್ಮಾಮ ಅಡುಗೆಮನೆಗೆ ಹೋದರು.

"ಸಫ್ಫು. ಈ ಚಟ್ಟಿ ಯಾರು ತೊಳೆದದ್ದು?"

ಪರದೆಯ ಆಚೆಯಿಂದ ಉಪ್ಪ ಹೇಳಿದರು:

"ನಾನು ಅಂತ ಹೇಳು."

"ಎಂತ ಹಾಕಿ ತೊಳೆದದ್ದು ಅಂತ ಕೇಳು."

"ಉಪ್ಪಾ, ಎಂತ ಹಾಕಿ..."

"ಸೋಪು," ಎಂದರು ಉಪ್ಪ.

ಪರದೆ ಬರ್ರನೆ ಒಂದು ಬದಿಗೆ ಸರಿಯಿತು. ಚಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಉಮ್ಮಾಮ ನಡುಕೋಣೆಗೇ ಬಂದಿದ್ದರು. ತಲೆಯ ಮೇಲಿನ ಬಟ್ಟೆ ಜಾರಿ ಹೆಗಲಿಗೆ ಬಂದಿತ್ತು.

"ಸೋಪಾ? ಮೀನಿನ ಚಟ್ಟಿಗೆ ಸೋಪಾ? ನಿನ್ನ ತಲೆಯಲ್ಲಿ ಎಂತ ಉಂಟು, ಹೊಯಿಗೆಯಾ? ನನ್ನ ಉಮ್ಮ ಕೊಟ್ಟ ಚಟ್ಟಿ ಇದು! ಮುನ್ನೂರು ಜನರಿಗೆ ಅಡಿಗೆ ಮಾಡಿದವನಂತೆ! ಆ ಮುನ್ನೂರು ಜನ ಬದುಕಿ ಉಳಿದಿದ್ದಾರಾ ಕೇಳ್ಬೇಕು! ಚಟ್ಟಿಗೆ ಸ್ನಾನ ಮಾಡಿಸಿದ್ದಾನೆ, ಇನ್ನು ಸೆಂಟು ಒಂದು ಹಾಕ್ಲಿಕ್ಕೆ ಬಾಕಿ!"

ನಡುವೆ ನಿಂತಿದ್ದ ನನ್ನನ್ನು ಯಾರೂ ಕೇಳಲಿಲ್ಲ. ದಾಟಿಸಲಿಕ್ಕೆ ಏನೂ ಇರಲಿಲ್ಲ.

ಹೇಳಿ ಮುಗಿಸಿದ ಮೇಲೆ ಉಮ್ಮಾಮನಿಗೆ ತಾನು ಎಲ್ಲಿ ನಿಂತಿದ್ದೇನೆ, ಯಾರಿಗೆ ಹೇಳಿದೆ ಎಂಬುದು ಗೊತ್ತಾಯಿತು. ಬಾಯಿಗೆ ಕೈ ಹೋಯಿತು. ಬಟ್ಟೆಯನ್ನು ತಲೆಗೆ ಎಳೆದುಕೊಂಡು ಒಳಗೆ ಓಡಿದರು. ಉಮ್ಮ ಗೋಡೆಗೆ ಒರಗಿ ಅಲ್ಲೇ ಕುಸಿದು ಕುಳಿತರು. ಪುದಿಯಾಪ್ಲೆಗೆ ಒಂದು ಕಟುಮಾತು ಹೇಳಿದರೆ ಅವನು ಚೀಲ ಎತ್ತಿಕೊಂಡು ಹೊರಟುಹೋದ, ಆಮೇಲೆ ಊರಿನ ಹಿರಿಯರೆಲ್ಲ ಹೋಗಿ ಕಾಲು ಹಿಡಿದರೂ ಬರಲಿಲ್ಲ ಎಂಬ ಕತೆಗಳನ್ನು ನಾವೆಲ್ಲ ಕೇಳಿ ಬೆಳೆದವರು. ಉಪ್ಪ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಕಪಾಟು ತೆರೆದ ಸದ್ದು.

"ಚೀಲ ಕಟ್ತಾ ಇದ್ದಾರೆ," ಎಂದರು ಉಮ್ಮ.

"ನಾನು ಮಾತಾಡ್ತೇನೆ ಭಾವನ ಹತ್ರ," ಎಂದು ಮಾಮ ಎದ್ದ. ಎದ್ದವನು ಹೋಗಲಿಲ್ಲ, ಅವನಿಗೂ ಹೆದರಿಕೆ. ನಾನು ಮಾತ್ರ ಜೋರಾಗಿ ಅಳಲು ಶುರುಮಾಡಿದೆ. ಎಲ್ಲ ನನ್ನಿಂದಲೇ, ಮೀನು ತರಲು ನಾನು ಹೋಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಬಾಗಿಲು ತೆರೆಯಿತು. ಉಪ್ಪ ಇಸ್ತ್ರಿ ಅಂಗಿ ಬಿಚ್ಚಿ ಹಳೆಯ ಬನಿಯನು, ಮಾಸಿದ ಲುಂಗಿ ಹಾಕಿಕೊಂಡಿದ್ದರು. ಕೈಯಲ್ಲಿ ಚೀಲವಿರಲಿಲ್ಲ. ನಮ್ಮನ್ನೆಲ್ಲ ದಾಟಿ ಸೀದಾ ಅಡುಗೆಮನೆಗೆ ಹೋಗಿ, ಮಾಮ ಕುಳಿತುಕೊಳ್ಳುವ ಗಿಡ್ಡ ಮಣೆಯ ಮೇಲೆ ಕುಳಿತರು. ಉಮ್ಮಾಮ ಗೋಡೆಗೆ ಮುಖ ಮಾಡಿ ನಿಂತಿದ್ದರು.

"ಉಮ್ಮಾ," ಎಂದರು ಉಪ್ಪ. ಅವರು ಉಮ್ಮಾಮನನ್ನು ಹಾಗೆ ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಈಗ ಆ ಚಟ್ಟಿಗೆ ಎಂತ ಮಾಡುದು?"

ಉಮ್ಮಾಮ ಗೋಡೆಗೇ ಹೇಳಿದರು:

"ಗಂಜಿ ತಿಳಿ ಹಾಕಿ ಕುದಿಸ್ಬೇಕು. ಮೂರು ದಿನ. ಆಮೇಲೆ ತೆಂಗಿನೆಣ್ಣೆ ಸವರ್ಬೇಕು." ಆಮೇಲೆ ಈ ಕಡೆ ತಿರುಗಿ, "ಎಂತ ನೋಡುದು? ಒಲೆ ಹೊತ್ತಿಸು."

ಉಪ್ಪ ಒಲೆಗೆ ತೆಂಗಿನ ಗರಿ ತುರುಕಿ ಊದಿದರು. ಊದುತ್ತ ಊದುತ್ತ ಅವರ ಕಣ್ಣಲ್ಲಿ ನೀರು ಬಂತು. ಹೊಗೆ ಎಂದರು. ಸುಳ್ಳು, ಆ ಒಲೆ ಹೊಗೆ ಬಿಡುತ್ತಿರಲಿಲ್ಲ. ಆ ಸಂಜೆ ಅವರಿಗೆ ಅಂಚು ಕಿತ್ತ ತಟ್ಟೆಯಲ್ಲಿ ಗಂಜಿ ಬಡಿಸಿದರು, ಎರಡನೆಯ ಸಲ ಬೇಕಾ ಎಂದು ಯಾರೂ ಕೇಳಲಿಲ್ಲ, ಅವರೇ ಬಡಿಸಿಕೊಂಡರು. ಕೋಳಿಯ ಕಾಲು ಅಂದಿನಿಂದ ಎಲ್ಲರ ಪಾಲಿಗೂ ಬಂತು. ನಾನು ಹರಕೆಯನ್ನು ಮರೆತವಳಂತೆ ಕೈ ಹಾಕಿದೆ.

ಎದೆ ಹಿಡಿಯುವುದು ಒಂದೇ ದಿನದಲ್ಲಿ ನಿಂತಿತು ಎಂದರೆ ಕತೆಯಾಗುತ್ತದೆ. ಮಳೆಗಾಲ ಕಳೆಯುವವರೆಗೂ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಬಂದಾಗ ಉಮ್ಮಾಮ "ಕೂತು ಕೂತು ಬರುದು ಅದು, ಎದ್ದು ಕಾಯಿ ಸುಲಿ" ಎನ್ನುತ್ತಿದ್ದರು. ಗೆಳೆಯ ಮತ್ತೆ ಫೋನು ಮಾಡಿದಾಗ ಉಪ್ಪ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ಇಲ್ಲ ಮಾರಾಯ, ಬರ್ಲಿಕ್ಕಾಗುದಿಲ್ಲ. ಉಮ್ಮ ಬಯ್ತಾರೆ." ಆ ಕಡೆಯವನು, ನಿನ್ನ ಉಮ್ಮ ತೀರಿಹೋಗಿದ್ದಲ್ವಾ ಎಂದು ಕೇಳಿರಬೇಕು. ಉಪ್ಪ ನಕ್ಕು ಫೋನಿಟ್ಟರು. ಮುಂದೆ ಅವರು ಮದುವೆಗಳಿಗೆ ಅಡುಗೆ ಮಾಡಲು ಹೋಗತೊಡಗಿದರು. ಪ್ರತಿ ಮದುವೆಯಿಂದ ಒಂದು ಡಬ್ಬ ಬಿರಿಯಾನಿ ಉಮ್ಮಾಮನ ಪರೀಕ್ಷೆಗೆ ಬರುತ್ತಿತ್ತು. ಒಮ್ಮೆಯೂ ಪಾಸಾಗಲಿಲ್ಲ.

ನಾನು ಈಗ ಒಂದು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ. ನಮ್ಮ ಫಾರ್ಮಿನಲ್ಲಿ ಮನಸ್ಸಿಗೆ ಒಂದು ಕಾಲಂ, ಮನೆ-ಸಮಾಜಕ್ಕೆ ಇನ್ನೊಂದು. ಉಪ್ಪನನ್ನು ಯಾವ ಕಾಲಮಿಗೆ ಹಾಕುವುದೆಂದು ನನಗೆ ಇವತ್ತಿಗೂ ತಿಳಿಯದು. ಮರ್ಯಾದೆ ಊರಿನದ್ದು, ಉಸಿರು ಕಟ್ಟಿದ್ದು ಅವರ ಎದೆಯಲ್ಲಿ, ನಡುವೆ ಒಂದು ಪರದೆ. ಎಲ್ಲ ಬೈಗುಳವೂ ಒಳ್ಳೆಯದಲ್ಲ, ಅದರಿಂದ ಮುರಿದುಹೋದವರು ದಿನಾ ನನ್ನೆದುರು ಬಂದು ಕೂರುತ್ತಾರೆ. ಆದರೂ ಪರೀಕ್ಷೆಗಳೆಲ್ಲ ನಾರ್ಮಲ್ ಎಂಬ ಕಾಗದ ಹಿಡಿದು ಬರುವ ಗಂಡಸರನ್ನು ನಾನು ಮೊದಲು ಕೇಳುವುದು, ಮನೆಯಲ್ಲಿ ನೀವು ಊಟ ಮಾಡುವುದು ಎಲ್ಲಿ ಕುಳಿತು, ಯಾರ ಜೊತೆ ಎಂದು.

ಕೊನೆಯ ಎರಡು ವರ್ಷ ಉಮ್ಮಾಮನಿಗೆ ಮರೆವು. ನನ್ನನ್ನು ಉಮ್ಮನ ಹೆಸರಿನಿಂದ ಕರೆಯುತ್ತಿದ್ದರು, ಉಮ್ಮನನ್ನು ಯಾರೋ ಪಕ್ಕದ ಮನೆಯವಳೆಂದುಕೊಂಡಿದ್ದರು. ಅಂಥದ್ದೊಂದು ಸಂಜೆ ಹಮೀದ್ ಮಾಮ ಎಂದಿನಂತೆ ಅಂಗಿ ಕಳಚಿ ಒಳಗೆ ನುಗ್ಗಿದ. ಅವನನ್ನು ಕಂಡದ್ದೇ ಉಮ್ಮಾಮ ಗಡಿಬಿಡಿಯಿಂದ ತಲೆಗೆ ಬಟ್ಟೆ ಎಳೆದುಕೊಂಡು ಮುಖ ಆ ಕಡೆಗೆ ತಿರುಗಿಸಿದರು.

"ಯಾರೋ ದೊಡ್ಡವರು ಬಂದಿದ್ದಾರೆ. ಹೊರಗೆ ಕೂರಿಸು. ಒಳ್ಳೆ ತಟ್ಟೆಯಲ್ಲಿ ಕೊಡು," ಎಂದರು ನನಗೆ.

ಮಾಮ ಬೆಪ್ಪಾಗಿ ನಿಂತ. ಆಮೇಲೆ ನಾನು ಕರೆದೊಯ್ದು ಹೊರಗಿನ ಮೇಜಿನ ಮುಂದೆ ಕೂರಿಸಿದೆ, ಕಪಾಟಿನಿಂದ ಚಿನ್ನದ ಅಂಚಿನ ತಟ್ಟೆ ತೆಗೆದು ಮುಂದಿಟ್ಟೆ. ಆರಡಿಯ ಆಸಾಮಿ, ಕೈಯಲ್ಲಿ ರೊಟ್ಟಿ ಹಿಡಿದು ಮಕ್ಕಳ ಹಾಗೆ ಅತ್ತ. ಒಳಗೆ ಉಪ್ಪ ಬೂದಿ ಹಾಕಿ ಪಾತ್ರೆ ಉಜ್ಜುತ್ತಿದ್ದ ಸದ್ದು ಬರುತ್ತಿತ್ತು. ಅದರ ಹಿಂದೆಯೇ ಉಮ್ಮಾಮನ ಧ್ವನಿ, ಯಾವ ಮರೆವೂ ಮುಟ್ಟದ ಹಾಗೆ ಗಟ್ಟಿಯಾಗಿ:

"ಏಯ್, ನೀನಲ್ವಾ ಅದು? ನೋಡಿಕೋ, ಚಟ್ಟಿಗೆ ಸೋಪು ಹಾಕ್ಬೇಡ!"

"ಇಲ್ಲ ಉಮ್ಮಾ," ಎಂದರು ಉಪ್ಪ.